ಥರ್ಮಾಮೀಟರಿನಲ್ಲಿ ಕಾಣದ ಬಿಸಿ



*ಇಂದಿನ ಚಿಂತನೆ: ನೀರು*

"ದೀಕ್ಷೆ ತಗೊಂಡು ಇಷ್ಟು ವರ್ಷ ಆಯ್ತು, ಊರಲ್ಲಿ ಏನು ಬದಲಾಯ್ತು?" ಸತ್ಯಮಂಗಲದ ನಮ್ಮ ಅಧ್ಯಯನ ಬಳಗದಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಇಂದು ನೀರನ್ನು ಮುಂದಿಟ್ಟುಕೊಂಡು ಇದನ್ನು ಯೋಚಿಸೋಣ.

ಮಂಜುಗಡ್ಡೆ, ನೀರು, ಆವಿ ಮೂರರಲ್ಲೂ ಇರುವುದು ಅದೇ ಅಣು: ಎರಡು ಹೈಡ್ರೋಜನ್, ಒಂದು ಆಕ್ಸಿಜನ್. ಗಡ್ಡೆಯಲ್ಲಿ ಅಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತವೆ. ನೀರಿನಲ್ಲಿ ಹಿಡಿತ ಸಡಿಲ. ಆವಿಯಲ್ಲಿ ಬಿಡಿಬಿಡಿಯಾಗಿ ಹಾರುತ್ತವೆ.

ಕಾಯಿಸಿದಾಗ ನೀರು ಸದ್ದು ಮಾಡುತ್ತದಲ್ಲ, ಅದಕ್ಕೆ ಜೀವವಿದೆಯೇ ಎಂದು ಮಿಲಿಂದ ರಾಜನ ಪ್ರಶ್ನೆ. ಜೀವವಿಲ್ಲ, ಬೆಂಕಿಯ ಬಿಸಿಯೇ ಕಾರಣ ಎಂದು ನಾಗಸೇನ ಭಂತೇಜಿಯವರ ಉತ್ತರ. ಹೀಗೆ ಕಾರಣ ಹುಡುಕುವುದೇ ಧಮ್ಮದ ದಾರಿ.

ಈಗ ಮುಖ್ಯ ಮಾತು. 0 ಡಿಗ್ರಿಯಲ್ಲಿರುವ ಒಂದು ಗ್ರಾಂ ಮಂಜುಗಡ್ಡೆ ಕರಗಲು ಸುಮಾರು 80 ಕ್ಯಾಲರಿ ಶಾಖ ಬೇಕು. ಅಷ್ಟು ಶಾಖ ಒಳಗೆ ಹೋದರೂ, ಗಡ್ಡೆ ಪೂರ್ತಿ ಕರಗುವ ತನಕ ಥರ್ಮಾಮೀಟರ್ 0ಯಲ್ಲೇ ನಿಂತಿರುತ್ತದೆ. ಕುದಿಯುವಾಗಲೂ ಹೀಗೆಯೇ. ನಮ್ಮ ತುಮಕೂರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಕಡಿಮೆ, ಆದ್ದರಿಂದ ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಆಮೇಲೆ ಎಷ್ಟು ಉರಿ ಹಾಕಿದರೂ ಬಿಸಿ ಏರುವುದಿಲ್ಲ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 540 ಕ್ಯಾಲರಿ ಹಿಡಿಯುತ್ತದೆ. ಆ ಶಾಖ ಅಣುಗಳ ಹಿಡಿತ ಬಿಡಿಸುವುದರಲ್ಲಿ ತೊಡಗಿರುತ್ತದೆ. ಶಾಲೆಯ ಪುಸ್ತಕದಲ್ಲಿ ಇದಕ್ಕೆ ಗುಪ್ತೋಷ್ಣ ಎಂದು ಹೆಸರು.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಯ ನೀರು ಕುಡಿದರು. ಆಮೇಲೆ ಸವರ್ಣೀಯರು ಸಗಣಿ, ಗಂಜಲ, ಹಾಲು, ಮೊಸರು ಹಾಕಿ ಕೆರೆ 'ಶುದ್ಧ' ಮಾಡಿದರು. ನಮ್ಮವರು ಮುಟ್ಟಿದ್ದರಿಂದ ನೀರಿನ ಒಂದು ಅಣುವೂ ಕೆಟ್ಟಿರಲಿಲ್ಲ. ಕೆಟ್ಟಿದ್ದರೆ ಆ ಸಗಣಿಯಿಂದ. ಮೊಕದ್ದಮೆ ಸುಮಾರು ಹತ್ತು ವರ್ಷ ನಡೆಯಿತು. ಬಾಂಬೆ ಹೈಕೋರ್ಟಿನಲ್ಲಿ ನಮ್ಮವರ ಹಕ್ಕು ಗೆದ್ದದ್ದು 1937ರ ಮಾರ್ಚ್ 17ರಂದು. ಹಿಂದೂವಾಗಿ ಸಾಯುವುದಿಲ್ಲ ಎಂದು ಬಾಬಾಸಾಹೇಬರು ಯೇವಲಾದಲ್ಲಿ ಹೇಳಿದ್ದು 1935ರಲ್ಲಿ, ನಾಗಪುರದಲ್ಲಿ ದೀಕ್ಷೆ ತೆಗೆದುಕೊಂಡದ್ದು 1956ರಲ್ಲಿ. ನಡುವಿನ 21 ವರ್ಷ ಏನೂ ಆಗಲಿಲ್ಲ ಅನ್ನಲು ಬರುತ್ತದೆಯೇ?

ಹೋಲಿಕೆಗೂ ಒಂದು ಮಿತಿಯಿದೆ. ಒಲೆಯ ಮೇಲಿನ ನೀರಿಗೆ ಆಯ್ಕೆಯಿಲ್ಲ, ನಮಗಿದೆ. ಉರಿ ಹಾಕಬೇಕಾದವರೂ ನಾವೇ. ಉರಿ ತೆಗೆದರೆ ಆವಿ ಮತ್ತೆ ನೀರಾಗುತ್ತದೆ, ಇನ್ನೂ ತಣಿದರೆ ಗಡ್ಡೆ ಕಟ್ಟುತ್ತದೆ. ಮಕ್ಕಳ ಓದು, ಭಾನುವಾರದ ವಂದನೆ, ಅನ್ಯಾಯ ಕಂಡಾಗ ಹಾಕುವ ಒಂದು ಅರ್ಜಿ, ಇವೇ ನಮ್ಮ ಸೌದೆ.

*ಇಂದಿನ ಅಭ್ಯಾಸ:* ಒಂದು ಲೋಟ ನೀರಿಗೆ ಐಸ್ ತುಂಡುಗಳನ್ನು ಹಾಕಿ ಮಕ್ಕಳ ಜೊತೆ ನೋಡಿ. ಕೊನೆಯ ತುಂಡು ಕರಗುವವರೆಗೂ ನೀರು ತಣ್ಣಗೇ ಇರುತ್ತದೆ. ಹಾಗಾದರೆ ಅಷ್ಟು ಹೊತ್ತು ಒಳಗೆ ಹೋದ ಬಿಸಿ ಏನು ಮಾಡುತ್ತಿತ್ತು ಎಂದು ಅವರನ್ನೇ ಕೇಳಿ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.