ಮಡಚುವ ಲ್ಯಾಪ್‌ಟಾಪಿನ ವರ್ಷದ ಬಾಡಿಗೆ

ಮನೆಯ ಬಾಡಿಗೆಯನ್ನು ವರ್ಷದ ಲೆಕ್ಕದಲ್ಲಿ ಹೇಳಿ, ಅದನ್ನು ಮುಂದಿನ ದಿನಾಂಕ ಬರೆದ ಒಂದೋ ನಾಲ್ಕೋ ಚೆಕ್ಕುಗಳಲ್ಲಿ ಸಲ್ಲಿಸುವ ರೂಢಿ ದುಬೈಯಲ್ಲಿ ಇರುವುದರಿಂದ, ಅಲ್ಲಿ ನೆಲೆಸಿದ ಸಂಬಳದಾರ ಕುಟುಂಬಕ್ಕೆ ವಾರ್ಷಿಕ ವೆಚ್ಚ ಎಂಬ ಕಲ್ಪನೆ ಹೊಸದಲ್ಲ. ಆದರೆ ಅದೇ ಕುಟುಂಬ ಲ್ಯಾಪ್‌ಟಾಪ್ ಕೊಳ್ಳಲು ಹೋದಾಗ ಅಂಗಡಿಯ ಚೀಟಿಯ ಮೇಲಿನ ಬೆಲೆಯನ್ನೇ ಪೂರ್ತಿ ವೆಚ್ಚವೆಂದು ನಂಬಿ ಮನೆಗೆ ಮರಳುತ್ತದೆ. ಎಷ್ಟು ಕೊಟ್ಟು ತಂದದ್ದು, ರಿಪೇರಿಗೆ ಎಷ್ಟು ಹೋಯಿತು, ಕೊನೆಗೆ ಮಾರಿದಾಗ ಎಷ್ಟು ಬಂತು, ಒಟ್ಟು ಎಷ್ಟು ವರ್ಷ ಬಾಳಿತು ಎಂಬ ನಾಲ್ಕು ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ದೊರೆಯುವ ಮೊತ್ತವನ್ನು ಯಂತ್ರದ ವರ್ಷದ ಬಾಡಿಗೆ ಎನ್ನಬಹುದು, ಮತ್ತು ಈ ಬಾಡಿಗೆ ಚೀಟಿಯ ಬೆಲೆಯಿಂದ ಅತಿ ಹೆಚ್ಚು ದೂರ ಸರಿಯುವುದು ಕನ್ವರ್ಟಿಬಲ್ ಎಂದು ಕರೆಯಲಾಗುವ, ಮಡಚಿದರೆ ಟ್ಯಾಬ್ಲೆಟ್ ಆಗುವ ಲ್ಯಾಪ್‌ಟಾಪುಗಳಲ್ಲಿ.

ಕನ್ವರ್ಟಿಬಲ್ ಎಂದರೆ ಪರದೆಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ, ಕೀಬೋರ್ಡು ಕೆಳಗೆ ಬರುವಂತೆ ಮಾಡಿ, ಕೈಯಲ್ಲಿ ಸ್ಲೇಟಿನಂತೆ ಹಿಡಿದು ಬೆರಳಿನಿಂದಲೋ ಪೆನ್ನಿನಿಂದಲೋ ಬರೆಯಬಹುದಾದ ಯಂತ್ರ. 2002ರಲ್ಲಿ ಮೈಕ್ರೋಸಾಫ್ಟ್ ಟ್ಯಾಬ್ಲೆಟ್‌ಗೆಂದೇ ವಿಂಡೋಸ್ ಎಕ್ಸ್‌ಪಿಯ ಒಂದು ಆವೃತ್ತಿಯನ್ನು ಹೊರತಂದಾಗ ಇಂಥ ಯಂತ್ರಗಳ ಪರದೆ ಸಾಮಾನ್ಯವಾಗಿ ನಡುವಿನ ಒಂದೇ ಗೂಟದ ಮೇಲೆ ತಿರುಗುತ್ತಿತ್ತು. 2012ರಲ್ಲಿ ಲೆನೊವೊ ಕಂಪನಿಯ ಯೋಗಾ ಬಂದ ಮೇಲೆ ಎರಡೂ ಬದಿಯ ಕೀಲುಗಳ ಮೇಲೆ 360 ಡಿಗ್ರಿ ತಿರುಗುವ ವಿನ್ಯಾಸ ಜನಪ್ರಿಯವಾಯಿತು. ಕೀಲು ಎಂದರೆ ಇಲ್ಲಿ ಹಿಂಜ್, ಬಾಗಿಲಿಗೆ ಬಿಜಾಗರಿ ಮಾಡುವ ಕೆಲಸವನ್ನೇ ಪರದೆಗೆ ಮಾಡುವ ಭಾಗ. ಅದೇ ಕಂಪನಿ 2014ರಲ್ಲಿ ತಂದ ಒಂದು ಮಾದರಿಯಲ್ಲಿ ಕೈಗಡಿಯಾರದ ಪಟ್ಟಿಯಂತೆ ಹೆಣೆದ ಕೀಲಿಗೆ 813 ಬಿಡಿಭಾಗಗಳಿದ್ದವು ಎಂಬುದನ್ನು ಗಮನಿಸಿದರೆ, ಈ ಯಂತ್ರದ ಜೀವ ಎಲ್ಲಿ ಅಡಗಿದೆ ಎಂಬುದು ಸ್ಪಷ್ಟವಾಗುತ್ತದೆ.

ಆದರೂ ಇಂಥ ಯಂತ್ರ ಬೇಕೆನಿಸಲು ಕಾರಣಗಳಿವೆ. ದುಬೈಯ ಶೇಖ್ ಜಾಯೆದ್ ರಸ್ತೆಯ ಒಂದು ಬದಿಗೆ, ಕೃತಕ ಕೆರೆಗಳ ಸುತ್ತ ಎ ಯಿಂದ ಝಡ್ ವರೆಗಿನ ಕ್ಲಸ್ಟರ್‌ಗಳಾಗಿ ಎದ್ದು ನಿಂತಿರುವ ಜುಮೇರಾ ಲೇಕ್ ಟವರ್ಸ್, 2002ರಲ್ಲಿ ಸ್ಥಾಪನೆಯಾದ ಡಿಎಂಸಿಸಿ ಎಂಬ ಮುಕ್ತ ವ್ಯಾಪಾರ ವಲಯದ ನೆಲೆಯಾಗಿರುವುದರಿಂದ, ಅಲ್ಲಿ ಮನೆ, ಕಚೇರಿ, ಕಾಫಿ ಅಂಗಡಿ ಮೂರೂ ಕೆಲವೇ ನಿಮಿಷಗಳ ನಡಿಗೆಯ ಅಂತರದಲ್ಲಿವೆ, ಮತ್ತು ಒಂದೇ ಯಂತ್ರ ದಿನಕ್ಕೆ ಮೂರು ಕಡೆ ತೆರೆದುಕೊಳ್ಳುತ್ತದೆ. ಇಂಥ ಕಡೆ ವಾಸಿಸುವ ಕನ್ನಡ ಕುಟುಂಬಕ್ಕೆ ಒಂದು ಆಸೆಯೂ ಇರುತ್ತದೆ. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ಶಾಲೆಗಳು ಮುಚ್ಚಿ ಪಾಠವೆಲ್ಲ ಪರದೆಗೆ ಬಂದಾಗ, ಶಾಲೆಯ ಪಾಠದ ಜೊತೆಗೆ, ಕನ್ನಡ ಮಿತ್ರರು ಸಂಘಟನೆ ನಡೆಸುವ ಕನ್ನಡ ಪಾಠಶಾಲೆಯಂಥ ಕಡೆ ಕಲಿತ ಅಕ್ಷರವನ್ನೂ ಮಗು ಅದೇ ಪರದೆಯ ಮೇಲೆ ತಿದ್ದಬಹುದು ಎಂಬ ಲೆಕ್ಕಾಚಾರ ಅನೇಕರ ಮನಸ್ಸಿನಲ್ಲಿ ಹಾದುಹೋಗಿತ್ತು. ಹಿಂದೆ ಮರಳಿನ ಮೇಲೆ, ಆಮೇಲೆ ಸ್ಲೇಟಿನ ಮೇಲೆ ತಿದ್ದಿಸುತ್ತಿದ್ದುದನ್ನು ಗಾಜಿನ ಮೇಲೆ ತಿದ್ದಿಸುವ ಈ ಆಸೆ ಅಸಂಗತವೇನಲ್ಲ. ಅದರ ಬೆಲೆ ಎಷ್ಟೆಂಬುದಷ್ಟೇ ಪ್ರಶ್ನೆ.

ಆ ಬೆಲೆಯ ಮೊದಲ ಪಾಲು ಕೀಲಿಗೆ ಸಲ್ಲುತ್ತದೆ. ಸಾಮಾನ್ಯ ಲ್ಯಾಪ್‌ಟಾಪಿನ ಪರದೆಯನ್ನು ಯಾರೂ ಒತ್ತುವುದಿಲ್ಲವಾದ್ದರಿಂದ ಅದರ ಕೀಲು ಸಡಿಲವಾಗಿದ್ದರೂ ನಡೆಯುತ್ತದೆ, ಆದರೆ ಬೆರಳು ತಾಗಿದಾಗಲೂ ಪರದೆ ಓಲಾಡದೆ ನಿಲ್ಲಬೇಕಾದ ಕನ್ವರ್ಟಿಬಲ್‌ನಲ್ಲಿ ಕೀಲನ್ನು ಬಿಗಿಯಾಗಿ ಮಾಡಲೇಬೇಕಾಗುತ್ತದೆ, ಮತ್ತು ಕೀಲು ಬಿಗಿಯಾದಷ್ಟೂ ಅದನ್ನು ಹಿಡಿದಿರುವ ತಿರುಪುಗಳ ಮೇಲಿನ ಎಳೆತ ಹೆಚ್ಚುತ್ತದೆ. ಕೆಲವು ತಯಾರಕರು ತಮ್ಮ ಕೀಲು 20,000 ಬಾರಿ ತೆರೆದು ಮುಚ್ಚಿದರೂ ಕೆಡುವುದಿಲ್ಲವೆಂದು ಪ್ರಚಾರ ಮಾಡುತ್ತಾರೆ. ದಿನಕ್ಕೆ ಹತ್ತು ಬಾರಿ ತೆರೆದರೂ ಅದು ಐದು ವರ್ಷಕ್ಕಿಂತ ಹೆಚ್ಚಿನ ಬಾಳಿಕೆ. ಆದರೆ ಪರೀಕ್ಷೆಯ ಯಂತ್ರ ಪರದೆಯನ್ನು ಸಮವಾಗಿ ಎತ್ತುತ್ತದೆ, ಮನೆಯ ಮಗು ಒಂದು ಮೂಲೆಯನ್ನು ಹಿಡಿದು ಎತ್ತುತ್ತದೆ.

ಈ ಅಂಕಣದ ಲೇಖಕನ ಮನೆಯಲ್ಲಿದ್ದ ಕನ್ವರ್ಟಿಬಲ್ ಮೂರನೆಯ ಬೇಸಿಗೆಯಲ್ಲಿ, ಮುಚ್ಚುವಾಗಲೆಲ್ಲ ಎಡಮೂಲೆಯಲ್ಲಿ ಟಕ್ ಎಂದು ಸದ್ದು ಮಾಡತೊಡಗಿತು. ಕೆಲವು ವಾರಗಳಲ್ಲಿ ಕೀಬೋರ್ಡಿನ ತಟ್ಟೆಗೂ ತಳದ ಕವಚಕ್ಕೂ ನಡುವೆ ಒಂದು ದಿರ್ಹಮ್ ನಾಣ್ಯದ ಅಂಚು ತೂರುವಷ್ಟು ಬಿರುಕು ಕಾಣಿಸಿತು. ಬುರ್ ದುಬೈಯ ರಿಪೇರಿ ಅಂಗಡಿಯಲ್ಲಿ ಅದನ್ನು ಬಿಚ್ಚಿದಾಗ ಉಕ್ಕಿನ ಕೀಲು ಹೊಸದರಂತೆಯೇ ಇತ್ತು, ತಿರುಪುಗಳೂ ಗಟ್ಟಿಯಾಗಿದ್ದವು; ಕಿತ್ತು ಬಂದಿದ್ದವು ಪ್ಲಾಸ್ಟಿಕ್ಕಿನೊಳಗೆ ಕೂರಿಸಿದ್ದ ಮೂರು ಪುಟ್ಟ ಹಿತ್ತಾಳೆಯ ನಟ್ಟುಗಳು, ಮತ್ತು ಪ್ರತಿಯೊಂದರ ಸುತ್ತಲೂ ಹಲ್ಲಿಗಂಟಿದ ವಸಡಿನಂತೆ ಪ್ಲಾಸ್ಟಿಕ್ಕಿನ ಚೂರು ಹಾಗೆಯೇ ಉಳಿದಿತ್ತು. ಕೀಲಿನ ಬಾಳಿಕೆಯೆಂದರೆ ಕೀಲು ನೆಟ್ಟಿರುವ ನೆಲದ ಬಾಳಿಕೆ ಎಂಬುದು ಆ ಮೇಜಿನ ಮೇಲೆ ಕಂಡ ಪಾಠ.

ಎರಡನೆಯ ಪಾಲು ಗಾಜಿನದು. ಸ್ಪರ್ಶವನ್ನು ಗ್ರಹಿಸುವ ಪದರ, ಗಾಜು ಮತ್ತು ಚಿತ್ರ ಮೂಡಿಸುವ ಫಲಕ ಇವು ಮೂರನ್ನೂ ಸಾಮಾನ್ಯವಾಗಿ ಒಂದಕ್ಕೊಂದು ಅಂಟಿಸಿರುವುದರಿಂದ, ಮೇಲಿನ ಗಾಜಿನಲ್ಲಿ ಗೆರೆಯಷ್ಟು ಬಿರುಕು ಬಂದರೂ ಇಡೀ ಪರದೆಯನ್ನೇ ಬದಲಿಸಬೇಕಾಗುತ್ತದೆ. ಅದಲ್ಲದೆ ಪರದೆಗೆ ಚಿತ್ರವನ್ನು ಒಯ್ಯುವ ತೆಳು ಪಟ್ಟಿಯಂಥ ತಂತಿ ಕೀಲಿನ ಬಳಿಯೇ ಹಾದುಹೋಗುವುದರಿಂದ ಪ್ರತಿ ಮಡಿಕೆಗೂ ಅದು ಬಾಗುತ್ತದೆ.

ಮೂರನೆಯ ಪಾಲು ಬ್ಯಾಟರಿಯದು, ಮತ್ತು ಇಲ್ಲಿ ಊರಿನ ಹವೆಯೂ ಲೆಕ್ಕಕ್ಕೆ ಬರುತ್ತದೆ. ಲಿಥಿಯಂ-ಅಯಾನ್ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ 40 ಡಿಗ್ರಿ ಉಷ್ಣದಲ್ಲಿ ಒಂದು ವರ್ಷ ಸುಮ್ಮನೆ ಇಟ್ಟರೂ ಅದರ ಸಾಮರ್ಥ್ಯದ ಸುಮಾರು ಮೂರನೇ ಒಂದು ಭಾಗ ಕರಗುತ್ತದೆ, ಅರ್ಧಕ್ಕಿಂತ ಕಡಿಮೆ ಚಾರ್ಜ್‌ನಲ್ಲಿಟ್ಟರೆ ಆ ನಷ್ಟ ಅರ್ಧಕ್ಕೆ ಇಳಿಯುತ್ತದೆ ಎಂಬುದು ಬಹುವಾಗಿ ಬಳಕೆಯಲ್ಲಿರುವ ಅಂದಾಜು. ದುಬೈಯ ಬೇಸಿಗೆಯಲ್ಲಿ ನೆರಳಿನಲ್ಲೇ 45 ಡಿಗ್ರಿ ಮುಟ್ಟುವ ದಿನಗಳಿರುವಾಗ, ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಚೀಲ ಬಿಟ್ಟು ಹೋಗುವವರು ಬ್ಯಾಟರಿಯ ಆಯುಷ್ಯವನ್ನು ತಾವೇ ಕತ್ತರಿಸಿದಂತೆ. ತೆಳುವಾದ ಕವಚದೊಳಗೆ ಅಂಟಿಸಿಟ್ಟ ಬ್ಯಾಟರಿ ಅನಿಲ ತುಂಬಿ ಉಬ್ಬಿದಾಗ ಮೊದಲು ಗೊತ್ತಾಗುವುದು ಟಚ್‌ಪ್ಯಾಡಿನಲ್ಲಿ: ಅದು ಒತ್ತಿದರೆ ತಗ್ಗದೆ ಕಲ್ಲಿನಂತಾಗುತ್ತದೆ, ಮತ್ತು ಆ ಸೂಚನೆ ಕಂಡ ದಿನವೇ ಯಂತ್ರದ ಬಳಕೆ ನಿಲ್ಲಿಸಬೇಕು.

ಇವು ಕೈಗೆ ಸಿಗುವ ಸವೆತಗಳಾದರೆ, ನಾಲ್ಕನೆಯದು ಕ್ಯಾಲೆಂಡರಿನ ಸವೆತ. 2021ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 11, ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಳೆಯ ಬಹುತೇಕ ಎಲ್ಲ ಪ್ರೊಸೆಸರ್‌ಗಳನ್ನು ಹೊರಗಿಟ್ಟಿತು, ವಿಂಡೋಸ್ 10ಕ್ಕೆ ಸಿಗುತ್ತಿದ್ದ ಉಚಿತ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೀಗಾಗಿ 2019ರಲ್ಲಿ ಭಾರಿ ರಿಯಾಯಿತಿಯೆಂದು ಏಳನೆಯ ತಲೆಮಾರಿನ ಹಳೆಯ ದಾಸ್ತಾನು ಕೊಂಡವರು, ತಿಳಿಯದೆಯೇ, ಮುಗಿಯುವ ದಿನಾಂಕ ಹತ್ತಿರವಿದ್ದ ಸರಕನ್ನು ಕೊಂಡಿದ್ದರು.

ಲೇಖಕನ ಮನೆಯ ಲೆಕ್ಕಪುಸ್ತಕದಲ್ಲಿ 2019ರಲ್ಲೇ ಕೊಂಡ ಎರಡು ಯಂತ್ರಗಳಿವೆ. ಅಂಥ ರಿಯಾಯಿತಿಯ ಕನ್ವರ್ಟಿಬಲ್‌ಗೆ 4,200 ದಿರ್ಹಮ್, ಮಡಚದ ಸಾಮಾನ್ಯ ಲ್ಯಾಪ್‌ಟಾಪಿಗೆ 2,900 ದಿರ್ಹಮ್ ಬಿದ್ದಿತ್ತು. ಕನ್ವರ್ಟಿಬಲ್‌ನ ಕವಚ ಮತ್ತು ಕೀಲಿಗೆ 650, ಬ್ಯಾಟರಿಗೆ 380 ಸೇರಿ, ಐದನೆಯ ವರ್ಷದ ಕೊನೆಗೆ ಮಾರಿದಾಗ ಬಂದ 400ನ್ನು ಕಳೆದರೆ ಒಟ್ಟು ವೆಚ್ಚ 4,830, ಅಂದರೆ ವರ್ಷಕ್ಕೆ 966 ದಿರ್ಹಮ್. ಸಾಮಾನ್ಯ ಲ್ಯಾಪ್‌ಟಾಪಿಗೆ 250ರ ಬ್ಯಾಟರಿ ಸೇರಿಸಿ, ಆರು ವರ್ಷದ ಬಳಿಕ ಬಂದ 450 ಕಳೆದರೆ ಒಟ್ಟು 2,700, ವರ್ಷಕ್ಕೆ 450 ದಿರ್ಹಮ್. ಅಂಗಡಿಯಲ್ಲಿ ಹೆಚ್ಚುಕಡಿಮೆ ಒಂದೂವರೆ ಪಟ್ಟು ಎಂದು ಕಂಡ ಅಂತರ ಬಾಡಿಗೆಯ ಲೆಕ್ಕದಲ್ಲಿ ಎರಡು ಪಟ್ಟನ್ನು ದಾಟಿತು. ಮಾರಿ ಬಂದ ಬೆಲೆಯನ್ನು ಹೋಲಿಸಿ ನೋಡಲು ಒಂದು ಅಳತೆಯಿದೆ: ಭಾರತದ ಆದಾಯ ತೆರಿಗೆ ನಿಯಮಗಳು ಕಂಪ್ಯೂಟರಿನ ಮೌಲ್ಯವನ್ನು ವರ್ಷಕ್ಕೆ ಶೇ. 40ರಂತೆ, ಅಂದರೆ ಪ್ರತಿ ವರ್ಷ ಉಳಿದ ಮೊತ್ತದ ಮೇಲೆ, ಇಳಿಸಲು ಅವಕಾಶ ಕೊಡುತ್ತವೆ. ಆ ಸೂತ್ರದ ಪ್ರಕಾರ ಐದು ವರ್ಷದ ಬಳಿಕ 4,200ರಲ್ಲಿ ಉಳಿಯಬೇಕಾದದ್ದು ಸುಮಾರು 327. ಮಾರಿದಾಗ ಸಿಕ್ಕ ಬೆಲೆ ಅದರ ಸಮೀಪವೇ ಬಂದಿತ್ತು. ಒಂದು ಮನೆಯ ಎರಡು ಯಂತ್ರಗಳಿಂದ ಊರಿಗೆಲ್ಲ ಅನ್ವಯಿಸುವ ನಿಯಮ ಹುಟ್ಟುವುದಿಲ್ಲ, ಆದರೆ ಲೆಕ್ಕ ಹಾಕುವ ಕ್ರಮ ಎಲ್ಲರಿಗೂ ಒಂದೇ.

ಪರದೇಶದ ಬದುಕು ಈ ಲೆಕ್ಕಕ್ಕೆ ಇನ್ನೂ ಕೆಲವು ಕಲಮುಗಳನ್ನು ಸೇರಿಸುತ್ತದೆ. ಊರಿಗೆ ಮರಳುವ, 18 ತುಂಬಿದ ಪ್ರಯಾಣಿಕನಿಗೆ ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ಒಯ್ಯಲು ಭಾರತದ ಕಸ್ಟಮ್ಸ್ ಅವಕಾಶ ಕೊಡುತ್ತದಾದರೂ, ವಾರಂಟಿ ಕೊಂಡ ದೇಶಕ್ಕಷ್ಟೇ ಸೀಮಿತವೋ ಅಂತರರಾಷ್ಟ್ರೀಯವೋ ಎಂಬುದು ಮಾದರಿಯಿಂದ ಮಾದರಿಗೆ ಬೇರೆಯಾಗಿರುವುದರಿಂದ, ಅದನ್ನು ಕೊಳ್ಳುವ ದಿನವೇ ಬರಹದಲ್ಲಿ ಕೇಳಿ ಪಡೆಯಬೇಕು. ಎರಡನೆಯದಾಗಿ, ದುಬೈಯಲ್ಲಿ ಮಾರುವ ಬಹಳಷ್ಟು ಯಂತ್ರಗಳ ಕೀಬೋರ್ಡಿನ ಗುಂಡಿಗಳ ಮೇಲೆ ಇಂಗ್ಲಿಷ್ ಜೊತೆ ಅರಬಿ ಅಕ್ಷರಗಳೂ ಅಚ್ಚಾಗಿರುವುದರಿಂದ, ಮಂಗಳೂರಿನಲ್ಲೋ ಉಡುಪಿಯಲ್ಲೋ ಅದನ್ನು ಮಾರಲು ಹೊರಟಾಗ ಕೊಳ್ಳುವವನು ಚೌಕಾಸಿಗೆ ಕಾರಣ ಹುಡುಕಬೇಕಾಗಿಲ್ಲ. ಜೊತೆಗೆ, ದುಬೈಯಲ್ಲಿ 2018ರ ಜನವರಿ 1ರಿಂದ ಜಾರಿಯಲ್ಲಿರುವ ಶೇ. 5ರ ಮೌಲ್ಯವರ್ಧಿತ ತೆರಿಗೆ ನೋಂದಾಯಿತ ಅಂಗಡಿಯ ರಿಪೇರಿ ಬಿಲ್ಲಿಗೂ ಬೀಳುತ್ತದೆ ಎಂಬುದನ್ನು ಮರೆಯಬಾರದು.

ಆದ್ದರಿಂದ ಅಂಗಡಿಯಲ್ಲಿ ನೋಡಬೇಕಾದ ಕ್ರಮವೇ ಬೇರೆ: ಪರದೆಯನ್ನು ಒಂದು ಮೂಲೆಯಿಂದ ಎತ್ತಿ ಕವಚ ಎಲ್ಲಿ ಬಾಗುತ್ತದೆಂದು ಗಮನಿಸುವುದು, ಕೀಲು ಲೋಹದ ಚೌಕಟ್ಟಿಗೆ ಸೇರಿದೆಯೋ ಪ್ಲಾಸ್ಟಿಕ್ಕಿಗೋ ಎಂದು ವಿಚಾರಿಸುವುದು, ಬ್ಯಾಟರಿಯನ್ನು ಶೇ. 80ಕ್ಕೆ ನಿಲ್ಲಿಸುವ ವ್ಯವಸ್ಥೆ ಇದೆಯೇ ಎಂದು ತೆರೆದು ನೋಡುವುದು, ಪ್ರೊಸೆಸರಿನ ತಲೆಮಾರನ್ನು ರಿಯಾಯಿತಿಯ ಅಂಕಿಗಿಂತ ಮೊದಲು ಓದುವುದು. ಇವೆಲ್ಲಕ್ಕೂ ಮುಂಚೆ ಮನೆಯಲ್ಲೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಮೂರನೆಯ ವರ್ಷದಲ್ಲಿ ಇದನ್ನು ವಾರಕ್ಕೆ ಎಷ್ಟು ದಿನ ಮಡಚಲಾಗುತ್ತದೆ?

ಲೇಖಕನ ಮನೆಯಲ್ಲಿ ಮಡಿಕೆಗೆಂದು ಕೊಟ್ಟ ಹೆಚ್ಚಿನ ಬಾಡಿಗೆ ವರ್ಷಕ್ಕೆ 516 ದಿರ್ಹಮ್, ಐದು ವರ್ಷಕ್ಕೆ 2,580. ಮೊದಲ ಎರಡು ವರ್ಷ ಮಗಳು ಪ್ರತಿ ಸಂಜೆ ಆ ಗಾಜಿನ ಮೇಲೆ ಅಕ್ಷರ ತಿದ್ದಿದಳು. ಳಕಾರದ ಸುರುಳಿ ಸರಿಯಾಗಿ ಕೂತದ್ದು ಅಲ್ಲಿಯೇ. ಕಾಗದದ ಮೇಲೆ ಬರೆಯಲು ಕೈ ಕುದುರಿದ ಮೇಲೆ ಪೆನ್ನು ಮೇಜಿನ ಖಾನೆ ಸೇರಿತು, ಪರದೆ ಮತ್ತೆ ಮಡಚಿಕೊಳ್ಳಲಿಲ್ಲ. ಆ ಎರಡು ವರ್ಷಗಳಿಗೆ ಕೊಟ್ಟದ್ದನ್ನು ದುಬಾರಿ ಎನ್ನುವವರು ಆ ಮನೆಯಲ್ಲಿ ಯಾರೂ ಇಲ್ಲ, ಆದರೆ ಉಳಿದ ಮೂರು ವರ್ಷ ತೆತ್ತದ್ದು, ಬೀಗ ಹಾಕಿಟ್ಟ ಕೋಣೆಗೆ ಕಟ್ಟಿದ ಬಾಡಿಗೆ.