ಹನಿ ನೀರಾವರಿಯಲ್ಲಿ ಕಾಂಪೋಸ್ಟ್ ಟೀ: ಲೆಕ್ಕಕ್ಕೆ ಬಾರದ ನಷ್ಟ

ನಮ್ಮ ಸದಸ್ಯರಲ್ಲಿ ಹಲವರು ವ್ಯಾಪಾರದೊಡನೆ ತೋಟಗಳನ್ನೂ ಹೊಂದಿದ್ದಾರೆ. ಕಾಂಪೋಸ್ಟ್ ಗೊಬ್ಬರವನ್ನು ನೀರಿನಲ್ಲಿ ನೆನೆಸಿ ಪಡೆಯುವ ಕಾಂಪೋಸ್ಟ್ ಟೀಯನ್ನು ಹನಿ ಕೊಳವೆಗಳಲ್ಲಿ ಹರಿಸಿದರೆ ಕೂಲಿ ಉಳಿಯುತ್ತದೆ. ಆದರೆ ಸೋಸದೆ ಹರಿಸಿದಲ್ಲಿ ಡ್ರಿಪ್ಪರುಗಳ ಕಿರಿದಾದ ರಂಧ್ರಗಳು ಕಟ್ಟಿಕೊಳ್ಳುತ್ತವೆ. ಸೊರಗಿದ ಗಿಡದ ನಷ್ಟ ಯಾವ ಲೆಡ್ಜರಿನಲ್ಲಿಯೂ ಕಾಣದು. ಆದುದರಿಂದ:

1. ದ್ರಾವಣವನ್ನು ಮೊದಲು ಬಟ್ಟೆಯಲ್ಲಿ ಸೋಸಿ, ಅನಂತರ 120 ಮೆಶ್ ಡಿಸ್ಕ್ ಫಿಲ್ಟರಿನ ಮೂಲಕ ಹಾಯಿಸಬೇಕು.

2. ಕೊಳವೆಯಲ್ಲಿ ಉಳಿದ ದ್ರಾವಣದಿಂದ ಲೋಳೆ ಬೆಳೆಯುತ್ತದೆ. ಪ್ರತಿ ಸಲವೂ ತುದಿಯ ಮುಚ್ಚಳ ತೆಗೆದು, ಶುದ್ಧ ನೀರು ಬರುವವರೆಗೆ ತೊಳೆಯಬೇಕು.

3. ದಾಸ್ತಾನು ಪರಿಶೀಲಿಸುವಂತೆ, ತಿಂಗಳಿಗೊಮ್ಮೆ ಕೊನೆಯ ಡ್ರಿಪ್ಪರಿನಡಿ ಅಳತೆಯ ಪಾತ್ರೆಯಿಡಬೇಕು. ಗಂಟೆಗೆ 4 ಲೀಟರಿನ ಡ್ರಿಪ್ಪರು 15 ನಿಮಿಷದಲ್ಲಿ ಸುಮಾರು 1 ಲೀಟರ್ ಕೊಡಬೇಕು.

ಕೊರತೆ ಕಂಡುಬಂದಲ್ಲಿ ಪುಸ್ತಕದಲ್ಲಿ ದಾಖಲಿಸಿ, ಕೂಡಲೇ ಕಾರಣ ಹುಡುಕುವುದು ಲೇಸು.