ಸ್ವರದ ಚುಕ್ಕಿ ಕಾಣದಿದ್ದರೆ

ಐವತ್ತು ದಾಟಿದ ಮೇಲೆ ವೀಣೆ ಕಲಿಯುತ್ತಿದ್ದೀರಿ. ಸ್ವರದ ಮೇಲಿನ ತಾರಸ್ಥಾಯಿಯ ಚುಕ್ಕಿ, ಕೆಳಗಿನ ಮಂದ್ರದ ಚುಕ್ಕಿ ಮಸುಕಾಗಿ ಬೆರಳು ತಪ್ಪು ಮೆಟ್ಟಿಲಿಗೆ ಹೋಗುತ್ತಿದೆ ಎಂದಿದ್ದೀರಿ. ಇದನ್ನು ಅಭ್ಯಾಸದ ಕೊರತೆ ಎಂದುಕೊಳ್ಳಬೇಡಿ. ಓದುವ ಕನ್ನಡಕವನ್ನು ಸಾಮಾನ್ಯವಾಗಿ 40 ಸೆಂ.ಮೀ. ದೂರಕ್ಕೆ ಕೊಡುತ್ತಾರೆ. ವೀಣೆಯ ಆಚೆ ನೆಲದ ಮೇಲಿಟ್ಟ ಪುಸ್ತಕ ಅದಕ್ಕಿಂತ ಬಹಳ ದೂರ. ದೂರಕ್ಕೂ ಓದಿಗೂ ಒಂದೇ ಗಾಜಿರುವ ನಿಮ್ಮ ಪ್ರೋಗ್ರೆಸಿವ್ ಕನ್ನಡಕದಲ್ಲಿ ಕಣ್ಣು ಕೆಳಗಿಳಿಸಿದರೆ ಓದುವ ಭಾಗವೇ ಎದುರಾಗುತ್ತದೆ. ಹಾಗಾಗಿ ಪುಟ ಸ್ಪಷ್ಟವಾಗಿ ಕಾಣಲು ಕತ್ತು ಬಗ್ಗಿಸಿಯೇ ನೋಡಬೇಕು. ಕತ್ತಿನ ನೋವು ಬರುವುದು ಅಲ್ಲಿಂದಲೇ.

ವೀಣೆ ಹಿಡಿದು ಕೂತು, ಕಣ್ಣಿನಿಂದ ಪುಟಕ್ಕೆ ಟೇಪ್ ಹಿಡಿದು ಅಳೆಸಿ. ಆ ಅಳತೆಯೊಂದಿಗೆ ನೇತ್ರತಜ್ಞರ ಬಳಿ ಹೋಗಿ, ಅದೇ ದೂರಕ್ಕೆ ಒಂದೇ ಪವರ್‌ನ ಬೇರೆ ಕನ್ನಡಕ ಬರೆಸಿಕೊಳ್ಳಿ. ಪವರ್ ಓದುವುದಕ್ಕಿಂತ ಕಡಿಮೆಯೇ ಬರುತ್ತದೆ, ಗಾಬರಿ ಬೇಡ. ಅಲ್ಲಿಯವರೆಗೆ ಪುಟವನ್ನು ದೊಡ್ಡದಾಗಿ ಜೆರಾಕ್ಸ್ ಮಾಡಿಸಿ, ಪುಸ್ತಕವನ್ನು ವ್ಯಾಸಪೀಠದ ಮೇಲಿಡಿ.